ಮೊಳೆಯಿಲ್ಲದ ಹರಿಗೋಲು

ಮೋಟಾರು ದೋಣಿಯ ಹಿಂಬದಿಗೆ, ಅದು ವಾಲದಂತೆ ಕಾಯುವ ಸಮತೋಲದ ತಗಡು ಕೂರಿಸುವಾಗ ಸ್ಕ್ರೂ ಮುರಿದು ಒಳಗೇ ಉಳಿದರೆ ಕೊರೆದು ತೆಗೆಯಬೇಕಾದೀತು. ತುಂಗಭದ್ರೆಯ ದಡದ ಆನೆಗೊಂದಿಯ ಹರಿಗೋಲಿಗೆ ಮೊಳೆ, ಸ್ಕ್ರೂಗಳೇ ಇಲ್ಲದ್ದರಿಂದ ಆ ಕಷ್ಟವೇ ಇಲ್ಲ. ಸೀಳಿದ ಬಿದಿರ ದಬ್ಬೆಗಳನ್ನು ಹೆಣೆದು, ಅಂಚಿಗೆ ದಪ್ಪ ಕಟ್ಟು ಹಾಕಿದರೆ ಒಡಲು ಸಿದ್ಧ. ಹೊರಮೈಗೆ ಹಿಂದೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. ಹೊಳೆಯ ಬಂಡೆ ತರಚಿತೋ, ದಡಕ್ಕೆಳೆದು ಬೋರಲು ಹಾಕಿ, ಒಣಗಿಸಿ, ತೇಪೆಯಿಟ್ಟು ಡಾಂಬರು ಬಳಿದರಾಯಿತು. ಇಲ್ಲಿ ವಾಲದಂತೆ ಕಾಯುವುದು ತಗಡಲ್ಲ, ಅಂಬಿಗನ ಕಣ್ಣು. ಯಾರು ಎಲ್ಲಿ ಕೂರಬೇಕೆಂದು ಅವನೇ ಹೇಳುತ್ತಾನೆ. ಎಂಥ ಹದವಾದ ವಿದ್ಯೆ! 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಇಂಥ ದುಂಡನೆಯ ದೋಣಿಗಳು 15–20 ಜನರನ್ನು ಹೊರುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಹಂಪಿ, ಆನೆಗೊಂದಿಗೆ ಬಂದವರು ಹರಿಗೋಲು ಹತ್ತುವ ಮುನ್ನ ಅದರ ಹೊರಮೈಯ ತೇಪೆಗಳನ್ನೊಮ್ಮೆ ನೋಡಿ.