ಬಂಧನದ ಮರಣಗಳು: ಆಸ್ಟ್ರೇಲಿಯದ ಒಂದು ವರದಿಯ ವಿಮರ್ಶೆ

ಆಸ್ಟ್ರೇಲಿಯದ ಆದಿವಾಸಿಗಳು ಪೊಲೀಸರ ವಶದಲ್ಲಿಯೂ ಸೆರೆಮನೆಗಳಲ್ಲಿಯೂ ಮೃತರಾಗುತ್ತಿದ್ದುದರ ಕಾರಣಗಳನ್ನು ಶೋಧಿಸಲು 1987ರಲ್ಲಿ ರಾಯಲ್ ಕಮಿಷನ್ ಒಂದು ನೇಮಕವಾಯಿತು. 1980ರಿಂದ 1989ರ ಮೇ ತಿಂಗಳವರೆಗಿನ 99 ಮರಣಗಳನ್ನು ಅದು ಒಂದೊಂದಾಗಿ ವಿಚಾರಿಸಿ, 339 ಶಿಫಾರಸುಗಳುಳ್ಳ ವರದಿಯನ್ನು 1991ರಲ್ಲಿ ಒಪ್ಪಿಸಿತು. ನ್ಯಾಯಾಡಳಿತದ ಇತಿಹಾಸವನ್ನು ಅಭ್ಯಸಿಸುವವರಿಗೆ ಇದು ಬೆಲೆಯುಳ್ಳ ಆಕರವೆಂಬುದರಲ್ಲಿ ಸಂದೇಹವಿಲ್ಲ.

ವರದಿಯ ಹಿರಿಮೆಯಿರುವುದು ಅದು ಪ್ರಶ್ನೆಯನ್ನೇ ತಿದ್ದಿದುದರಲ್ಲಿ. ಬಂಧನದಲ್ಲಿರುವ ಆದಿವಾಸಿಯು ಇತರ ಬಂಧಿತರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಸಾಯುವುದಿಲ್ಲ; ತನ್ನ ಜನರ ಸಂಖ್ಯಾಪ್ರಮಾಣವನ್ನು ಬಹುವಾಗಿ ಮೀರಿ ಅವನು ಬಂಧನಕ್ಕೆ ಒಳಗಾಗುತ್ತಾನೆ ಎಂದು ಕಮಿಷನ್ ಕಂಡುಕೊಂಡಿತು. ಆದಕಾರಣ ‘ಹೇಗೆ ಸತ್ತನು?’ ಎಂಬುದರೊಡನೆ ‘ಅಲ್ಲಿ ಏಕೆ ಇದ್ದನು?’ ಎಂದೂ ಕೇಳಬೇಕಾಯಿತು. ಮೃತರಾದ 99 ಮಂದಿಯಲ್ಲಿ 43 ಮಂದಿಯನ್ನು ಸರ್ಕಾರವೋ ಮಿಷನ್ನುಗಳೋ ಇತರ ಸಂಸ್ಥೆಗಳೋ ಬಾಲ್ಯದಲ್ಲಿಯೇ ಹೆತ್ತವರಿಂದ ಅಗಲಿಸಿದ್ದುವು. ಲಾಕಪ್ಪಿನ ಮರಣದ ಕಥೆ ಲಾಕಪ್ಪಿನಲ್ಲಿ ಆರಂಭವಾಗುವುದಿಲ್ಲವೆಂಬುದಕ್ಕೆ ಇದೊಂದೇ ಅಂಶ ಸಾಕು.

ಆದರೆ ಹೊಣೆಗಾರಿಕೆಯ ವಿಷಯದಲ್ಲಿ ವರದಿಯು ನಮಗೆ ತೃಪ್ತಿಯನ್ನು ಕೊಡುವುದಿಲ್ಲ. ಈ ಮರಣಗಳು ಅಧಿಕಾರಿಗಳ ಉದ್ದೇಶಪೂರ್ವಕ ಹಿಂಸೆಯ ಫಲವಲ್ಲವೆಂದು ಅದು ನಿರ್ಣಯಿಸುತ್ತದೆ. ಬಂಧಿತರನ್ನು ರಕ್ಷಿಸುವ ಕರ್ತವ್ಯದಲ್ಲಿ ಲೋಪಗಳಿದ್ದುವೆಂದೂ ಒಪ್ಪುತ್ತದೆ. ಲೋಪವನ್ನು ತಿದ್ದುವವರು ಯಾರು? ವಿಚಾರಣೆಗೊಳಗಾದ ಪೊಲೀಸರು ಯಾವ ಸರ್ಕಾರಗಳ ಅಧೀನರೋ, ಶಿಫಾರಸುಗಳನ್ನು ನಡೆಸುವ ಅಧಿಕಾರವೂ ಆ ಸರ್ಕಾರಗಳ ಕೈಯಲ್ಲಿಯೇ ಉಳಿಯಿತು.

ಇದರ ಪರಿಣಾಮಕ್ಕೆ ಒಂದು ನಿದರ್ಶನ ಸಾಕು. ಸಾರ್ವಜನಿಕ ಸ್ಥಳದಲ್ಲಿ ಕುಡಿದು ಮತ್ತರಾಗಿರುವುದನ್ನು ಅಪರಾಧವೆಂದು ಎಣಿಸಕೂಡದೆಂಬುದು ಶಿಫಾರಸುಗಳಲ್ಲೊಂದು. ವಿಕ್ಟೋರಿಯ ರಾಜ್ಯವು ಆ ಅಪರಾಧವನ್ನು ಕೈಬಿಡಲಿಲ್ಲ. 2017ರಲ್ಲಿ, ರೈಲಿನಲ್ಲಿ ನಿದ್ರೆಹೋಗಿದ್ದ ಆದಿವಾಸಿ ಮಹಿಳೆಯೊಬ್ಬರು ಅಲ್ಲಿ ಇದೇ ಅಪರಾಧಕ್ಕಾಗಿ ಬಂಧಿತರಾಗಿ, ಲಾಕಪ್ಪಿನಲ್ಲಿ ಬಿದ್ದು ತಲೆಗೆ ಪೆಟ್ಟಾಗಿ, ಅನಂತರ ಆಸ್ಪತ್ರೆಯಲ್ಲಿ ಅಸುನೀಗಿದರು. ಅದನ್ನು ರದ್ದುಗೊಳಿಸುವ ಕಾನೂನು 2021ರಲ್ಲಿ ಅಂಗೀಕೃತವಾಗಿ, 2023ರ ನವೆಂಬರಿನಲ್ಲಿ ಜಾರಿಗೆ ಬಂದಿತು. ಸಲಹೆಗೂ ಆಚರಣೆಗೂ ನಡುವೆ 32 ವರ್ಷಗಳು ಸಂದುವು.

ಅಂಕಿಗಳೂ ಇದನ್ನೇ ಸಮರ್ಥಿಸುತ್ತವೆ. 1991ರಲ್ಲಿ ಸೆರೆಯಾಳುಗಳಲ್ಲಿ ಆದಿವಾಸಿಗಳು ನೂರಕ್ಕೆ ಸುಮಾರು 14 ಮಂದಿ. 2023ರಲ್ಲಿ ಸುಮಾರು 33 ಮಂದಿ. ದೇಶದ ಜನಸಂಖ್ಯೆಯಲ್ಲಾದರೋ ಅವರು ನೂರಕ್ಕೆ ನಾಲ್ವರನ್ನೂ ಮೀರಿರಲಿಲ್ಲ.

ವರದಿಯು ರೋಗವನ್ನು ಸರಿಯಾಗಿ ಗುರುತಿಸಿತು. ಮದ್ದನ್ನು ಕೊಡಿಸುವ ಬಲ ಅದಕ್ಕಿರಲಿಲ್ಲ. ಆಯೋಗಗಳ ವರದಿಗಳನ್ನು ಓದುವ ವಿದ್ಯಾರ್ಥಿಯು ಅವು ಹೇಳಿದುದನ್ನಷ್ಟೇ ಅಲ್ಲದೆ, ಹೇಳಿದ ಮೇಲೆ ನಡೆದುದನ್ನೂ ಪರೀಕ್ಷಿಸಬೇಕೆಂಬುದು ನಮ್ಮ ಅಭಿಪ್ರಾಯ.