ಹಸು ಕರೆಯುವವರು ಯಾರು?

2020ರ ಮೇ ಎರಡನೇ ವಾರದವರೆಗೆ ಹಾಸನ ಜಿಲ್ಲೆಯಲ್ಲಿ ಒಂದೂ ಕೊರೊನಾ ಪ್ರಕರಣ ಇರಲಿಲ್ಲ. ಮೊದಲು ಸೋಂಕು ಪತ್ತೆಯಾದದ್ದು ಮುಂಬೈನಿಂದ ಚನ್ನರಾಯಪಟ್ಟಣ ತಾಲ್ಲೂಕಿಗೆ ಮರಳಿದವರಲ್ಲಿ. ಬಂದವರನ್ನು ಕ್ವಾರಂಟೈನ್‌ಗೆ ಒಪ್ಪಿಸುವುದು, ಊರಿನವರ ಭಯ ಇಳಿಸುವುದು, ಎರಡೂ ಆಶಾ ಕಾರ್ಯಕರ್ತೆಯರ ಹೆಗಲಿಗೆ ಬಿದ್ದವು. ಆರೋಗ್ಯ ಇಲಾಖೆ ಇದನ್ನು ಜಾಗೃತಿ ಎಂದು ಕರೆಯಿತು. ನಿಜಕ್ಕೂ ಅದು ಸಂಧಾನ.

ಮರುವರ್ಷದ ಮೇನಲ್ಲಿ ಇದು ಇನ್ನೂ ಸ್ಪಷ್ಟವಾಯಿತು. ಹಳ್ಳಿಗಳಲ್ಲಿ ಹೋಂ ಐಸೋಲೇಷನ್ ಬೇಡ, ಸೋಂಕಿತರನ್ನು ಕೋವಿಡ್ ಕೇರ್ ಸೆಂಟರ್‌ಗೆ ಸೇರಿಸಿ ಎಂದು ಸರ್ಕಾರ ಹೇಳಿತು. ಮೇ ಎಂದರೆ ಹಾಸನದಲ್ಲಿ ಬಿತ್ತನೆ ಆಲೂಗೆಡ್ಡೆ ಕೊಳ್ಳುವ ಕಾಲ. ಅರಕಲಗೂಡು, ರಾಮನಾಥಪುರದ ಕಡೆ ಹೊಗೆಸೊಪ್ಪಿನ ಸಸಿ ನೆಡುವ ಕಾಲ. ಆಗ ಬಾಗಿಲಿಗೆ ಬಂದ ಆಶಾಳನ್ನು ಮನೆಯವರು ಕೇಳುವುದು ವೈರಸ್ಸಿನ ಬಗ್ಗೆಯಲ್ಲ: 'ಹಸು ಯಾರು ಕರೀತಾರವ್ವ? ಡೈರಿಗೆ ಹಾಲು ಯಾರು ಹಾಕ್ತಾರೆ?' ಇದಕ್ಕೆ ಕರಪತ್ರದಲ್ಲಿ ಉತ್ತರವಿಲ್ಲ. ಪಕ್ಕದ ಮನೆಯವರನ್ನೋ ಡೈರಿ ಕಾರ್ಯದರ್ಶಿಯನ್ನೋ ಒಪ್ಪಿಸಿ ಉತ್ತರ ಹೊಂದಿಸಬೇಕು.

ಇಂಥ ಮಾತುಕತೆಯನ್ನು ಶಾಸ್ತ್ರವಾಗಿ ಕಲಿಸುವವರಿದ್ದಾರೆ. 2016ರಲ್ಲಿ ರೆಡ್‌ಕ್ರಾಸ್, ವಿಶ್ವ ಆಹಾರ ಕಾರ್ಯಕ್ರಮ ಮೊದಲಾದವು ಸೇರಿ ಜಿನೀವಾದಲ್ಲಿ ಮಾನವೀಯ ಸಂಧಾನದ ಕೇಂದ್ರವೊಂದನ್ನು ಕಟ್ಟಿದವು. ಎದುರಿನವರ ಹಟದ ಹಿಂದಿನ ಕಾರಣ, ಕಾರಣದ ಹಿಂದಿನ ನಂಬಿಕೆ ಹುಡುಕಿ ಎನ್ನುತ್ತದೆ ಅದರ ಕೈಪಿಡಿ. ಹಳ್ಳಿಯ ಸೊಸೆಯೇ ಆದ ಆಶಾಗೆ ಇದನ್ನು ಹೇಳಿಕೊಡಬೇಕಿಲ್ಲ; ಯಾವ ಮನೆಯಲ್ಲಿ ಅತ್ತೆಯ ಮಾತು ನಡೆಯುತ್ತದೆ ಎಂಬುದೂ ಆಕೆಗೆ ಗೊತ್ತು. ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಕೈಪಿಡಿಯ ಇನ್ನೊಂದು ಪಾಠ: ಮಾತಾಡಲು ಕಳಿಸುವವರು, ಹೋಗುವವರಿಗೆ ಎಷ್ಟರವರೆಗೆ ಒಪ್ಪಬಹುದು, ಎಲ್ಲಿ ಒಪ್ಪಬಾರದು ಎಂದು ಮೊದಲೇ ತಿಳಿಸಿ, ಆ ಮಾತಿಗೆ ಬದ್ಧರಾಗಿರಬೇಕು.

ನಮ್ಮ ವ್ಯವಸ್ಥೆ ಸೋತದ್ದು ಇಲ್ಲಿ. 'ನಾಳೆಯಿಂದ ಹಾಲಿನ ವ್ಯವಸ್ಥೆ ಪಂಚಾಯ್ತಿಯದು' ಎಂದು ಭರವಸೆ ಕೊಡುವ ಅಧಿಕಾರ ಆಶಾಗೆ ಇರಲಿಲ್ಲ. ಕೊಡಲು ಏನೂ ಇಲ್ಲದವರನ್ನು ಬಾಗಿಲಿಗೆ ಕಳಿಸಿ, ಜನ ಒಪ್ಪದಿದ್ದರೆ ಪೊಲೀಸರನ್ನು ಕರೆಸುವುದು ಸಂಧಾನವಲ್ಲ. ಪೊಲೀಸರು ಬಂದುಹೋದ ಮನೆಗೆ ಲಸಿಕೆ ಹಾಕಿಸಿಕೊಳ್ಳಿ ಎನ್ನಲು ಮತ್ತೆ ಹೋಗಬೇಕಾದವಳೂ ಅವಳೇ. 2020ರ ಜುಲೈನಲ್ಲಿ ರಾಜ್ಯದ ಆಶಾಗಳು ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಿದ್ದನ್ನು ಇದರ ಜೊತೆಗೇ ಓದಬೇಕು. ತನ್ನ ಪಾಲಿನದನ್ನೇ ಬೀದಿಗಿಳಿದು ಕೇಳಬೇಕಾದವಳು ಸರ್ಕಾರದ ಪರವಾಗಿ ಕೊಟ್ಟ ಮಾತನ್ನು ಜನ ಹೇಗೆ ನಂಬಬೇಕು?

ಹೊಳೆನರಸೀಪುರದಲ್ಲೋ ಅರಕಲಗೂಡಿನಲ್ಲೋ ಆಶಾಗಳ ಮುಂದಿನ ತರಬೇತಿ ನಡೆದಾಗ ಪಿಡಿಒ, ಡೈರಿ ಕಾರ್ಯದರ್ಶಿ, ತಹಶೀಲ್ದಾರರೂ ಅವರ ಜೊತೆ ಕೂರಲಿ. ಬಾಗಿಲಲ್ಲಿ ಆಕೆ ಯಾವ ಯಾವ ಮಾತು ಕೊಡಬಹುದು ಎಂದು ಬರೆದು, ಅಲ್ಲೇ ಸಹಿ ಹಾಕಿ ಕೊಡಲಿ.