ಶಾರ್ಙ್ಗಧರನ ವೃಕ್ಕವೂ ಆಮ್ಲಜನಕವೂ

ಪ್ರಾಣವಾಯುವು ಕಂಠದಿಂದ ಹೊರಬಂದು ವಿಷ್ಣುಪದಾಮೃತವನ್ನು ಪಾನಮಾಡಿ ಮರಳುವುದೆಂದು ಶಾರ್ಙ್ಗಧರಸಂಹಿತೆಯು ಹೇಳುವುದಷ್ಟೆ. ಆ ಅಮೃತವೇ ಆಮ್ಲಜನಕವೆಂಬ ವ್ಯಾಖ್ಯಾನವು ಹೇಗೂ ಇರಲಿ. ಇಂದಿನ ವೃಕ್ಕಶಾಸ್ತ್ರವನ್ನೂ ಅಲ್ಲಿಂದಲೇ ತೆಗೆಯುವುದು ಗ್ರಂಥಕ್ಕೆ ಅನ್ಯಾಯ. ಶಾರ್ಙ್ಗಧರನ ಮತದಲ್ಲಿ ವೃಕ್ಕಗಳು, ಎಂದರೆ ಮೂತ್ರಪಿಂಡಗಳು, ಜಠರದ ಮೇದಸ್ಸಿಗೆ ಪುಷ್ಟಿಕೊಡುವ ಅಂಗಗಳು.

ಹೃದಯದಿಂದ ಹೊರಡುವ ರಕ್ತದಲ್ಲಿ ಸುಮಾರು ಐದರಲ್ಲೊಂದು ಪಾಲು ವೃಕ್ಕಗಳಿಗೆ ಹರಿದರೂ ಅವುಗಳ ತಿರುಳಿನಲ್ಲಿ ಆಮ್ಲಜನಕವು ವಿರಳ. ಕೊರತೆಯು ಮಿತಿಮೀರಿದರೆ ಮೂತ್ರನಾಳಿಕೆಗಳು ಕೆಡುವುವು; ನಾರು ಬೆಳೆದು, ಲೋಮನಾಳಗಳು ನಶಿಸಿ, ಕೊರತೆಯು ಮತ್ತಷ್ಟು ಹೆಚ್ಚುವುದು. ಆದರೆ ಅದೇ ಕೊರತೆಯು ಜೀವಕೋಶಗಳಲ್ಲಿ ರಕ್ಷಕವಾದೊಂದು ಪ್ರೋಟೀನನ್ನೂ ಉಳಿಸಿ ನಿಲ್ಲಿಸುವುದು. ಈ ಕ್ರಮವನ್ನು ಕಂಡ ಸೆಮೆಂಜಾ, ರ್ಯಾಟ್‌ಕ್ಲಿಫ್, ಕೇಲಿನ್ ಇವರಿಗೆ 2019ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಅಮೃತದ ಅಭಾವವೂ ಗುಣಕಾರಿಯಾದೀತೆಂಬುದಕ್ಕೆ ಸಂಹಿತೆಯಲ್ಲಿ ಆಧಾರವಾವುದೆಂದು ವ್ಯಾಖ್ಯಾನಕಾರರು ತೋರಿಸಬೇಕು.